ಅಳುವಕ್ಕನಿಗೆ ಮಾತು ಸಿಕ್ಕಿದ್ದು

ಆ ಮನೆಯ ಸೊಸೆಯ ಕೆಲಸ ಅಳುವುದು. ಬೇರೆ ಮನೆಗಳಲ್ಲಿ ಸೊಸೆಯರು ಬಿಟ್ಟಿಯಾಗಿ ಮಾಡುವ ಕೆಲಸಕ್ಕೆ ಈಕೆಗೆ ಸಂಬಳ ಸಿಗುತ್ತಿತ್ತು, ಅಷ್ಟೇ ವ್ಯತ್ಯಾಸ. ಸಿನಿಮಾ ನಟಿಯರು ಪರದೆಯ ಮೇಲೆ ಚೆಂದವಾಗಿ ಕಣ್ಣೊರೆಸಿಕೊಳ್ಳುತ್ತಾರೆ. ದನಿ ತೆಗೆದು ಅಳಿ ಅಂದರೆ ಮಾತ್ರ ಹತ್ತರಲ್ಲಿ ಎಂಟು ಮಂದಿಗೆ ಕೆಮ್ಮು ಬರುತ್ತದೆ. ಆಗ ಡಬ್ಬಿಂಗ್ ಸ್ಟುಡಿಯೋದವರು ಈಕೆಗೆ ಫೋನ್ ಮಾಡುತ್ತಿದ್ದರು. ಕತ್ತಲೆ ಕೋಣೆಯಲ್ಲಿ ಮೈಕಿನ ಮುಂದೆ ನಿಂತು, ಎದುರಿನ ಪರದೆಯಲ್ಲಿ ನಟಿಯ ತುಟಿ ನಡುಗಿದ ಕೂಡಲೇ ಈಕೆ ಅಳಬೇಕು. ಹನ್ನೊಂದು ವರ್ಷದ ಹಿಂದೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂತು ಅತ್ತಿದ್ದನ್ನು ಪಕ್ಕದಲ್ಲಿದ್ದ ಸೌಂಡ್ ಇಂಜಿನಿಯರ್ ಒಬ್ಬ ಕೇಳಿಸಿಕೊಂಡು, ತನ್ನ ಹಲ್ಲುನೋವನ್ನೂ ಮರೆತು ವಿಳಾಸ ಬರೆದುಕೊಂಡಿದ್ದ. ಸ್ಟುಡಿಯೋದಲ್ಲಿ ಎಲ್ಲರೂ ಆಕೆಯನ್ನು ಅಳುವಕ್ಕ ಅನ್ನುತ್ತಿದ್ದರು.

ಮುಸುಮುಸು ಅಳು, ಬಿಕ್ಕಿ ಬಿಕ್ಕಿ ಅಳು, ಗೊಳೋ ಅಳು, ಬಾಗಿಲ ಹಿಂದೆ ನಿಂತು ಬಾಯಿಗೆ ಬಟ್ಟೆ ಒತ್ತಿಕೊಂಡ ಅಳು, ಫೋನ್ ಇಟ್ಟ ಮೇಲಿನ ಅಳು, ಹೀಗೆ ಆಕೆಯ ಬಳಿ ಬೇಕಾದಷ್ಟು ಬಗೆಯಿದ್ದವು. ಅಭ್ಯಾಸವೆಲ್ಲ ಅಡುಗೆಮನೆಯಲ್ಲಿ. ಒಂದು ಕೈ ಸೌಟು ತಿರುಗಿಸುತ್ತಿದ್ದರೆ ಬಾಯಿ ಗಂಡನನ್ನು ಕಳೆದುಕೊಂಡು ಗೋಳಾಡುತ್ತಿತ್ತು. ಗಂಡ ಪಕ್ಕದಲ್ಲೇ ಗಟ್ಟಿಮುಟ್ಟಾಗಿ ಕೂತು ಟೀ ಹೀರುತ್ತಿದ್ದ. ಅವನು ಸಿಟಿ ಬಸ್ಸಿನ ಡ್ರೈವರ್. ದಿನವಿಡೀ ಗೇರು ಹಾಕಿ, ಹಾರನ್ ಕೇಳಿ ಬಂದವನಿಗೆ ಹೆಂಡತಿಯ ಅಳು ಜೋಗುಳದ ಹಾಗಿತ್ತು. ಮಗಳಿಗೆ ಹದಿನೇಳು. ಅವಳು ಅಮ್ಮನ ಬಿಕ್ಕಳಿಕೆಯ ನಡುವೆಯೇ ಪಾಠ ಉರು ಹೊಡೆದು ಬೆಳೆದವಳು.

ಈ ಕಸುಬಿನಿಂದ ನಷ್ಟವಾಗಿದ್ದು ಅತ್ತೆಗೆ ಮಾತ್ರ. ಮೂರನೇ ಮಹಡಿಯ ಆ ಎರಡು ಕೋಣೆಯ ಮನೆಯ ಗೋಡೆಗಳು ಬಲು ತೆಳು. ಕೆಲಸ ಶುರುವಾದ ಮೊದಲ ತಿಂಗಳೇ ಕೆಳಗಿನ ಮನೆಯ ಟೈಪಿಸ್ಟ್ ಮೆಟ್ಟಿಲು ಹತ್ತಿ ಬಂದು, "ಅಮ್ಮಾ, ನಿಮಗೂ ಒಬ್ಬಳು ಮೊಮ್ಮಗಳಿದಾಳೆ. ಸೊಸೇನ ಹಾಗೆಲ್ಲ ಗೋಳು ಹುಯ್ಕೋಬಾರದು" ಅಂದಿದ್ದಳು. "ಅಯ್ಯೋ, ಅದು ಸಿನಿಮಾಗೆ ಕಣಮ್ಮ" ಅಂದರು ಅತ್ತೆ. "ಹೌದೌದು, ಸಿನಿಮಾಗೆ" ಅಂತ ಟೈಪಿಸ್ಟ್ ಇಳಿದು ಹೋದಳು. ಅಂದಿನಿಂದ ಮೆಟ್ಟಿಲ ಮೇಲೆ ಅತ್ತೆ ಎದುರಾದರೆ ಆಕೆ ಮುಖ ತಿರುಗಿಸುತ್ತಿದ್ದಳು. ಹಾಲಿನವನು ಕೂಡ ಒಂದು ನಮೂನೆ ನೋಡುತ್ತಿದ್ದ.

ಇಂಥ ಮನೆಯಲ್ಲಿ ಕಣ್ಣೀರಿಗೆ ಏನು ಬೆಲೆ ಇದ್ದೀತು? ತೋಳ ಬಂತು ತೋಳ ಅಂದ ಹುಡುಗನ ಕತೆ ಎಲ್ಲರಿಗೂ ಗೊತ್ತಿದೆ. ಅಳುವಕ್ಕನ ಪಾಡೂ ಅದೇ. ಒಂದು ಬುಧವಾರ ಊಟಕ್ಕೆ ಕೂತಾಗ ಆಕೆ ಬಡಿಸುವುದನ್ನು ಅರ್ಧಕ್ಕೆ ನಿಲ್ಲಿಸಿ, "ನನಗೆ ಮಾತು ಸಿಕ್ತು" ಅಂದಳು.

"ಇಷ್ಟು ದಿನ ಏನು ಮೂಗಿಯಾಗಿದ್ಯಾ?" ಅಂದ ಡ್ರೈವರ್.

"ಸಿನಿಮಾದಲ್ಲಿ ರೀ. ಬರೀ ಅಳು ಅಲ್ಲ, ಪೂರ್ತಿ ಪಾತ್ರ. ತಾಯಿ ಪಾತ್ರ. ಎಂಬತ್ತೆರಡು ಮಾತಿದೆ, ನಾನೇ ಎಣಿಸಿದೀನಿ."

"ಉಪ್ಪು ಇತ್ತ ಕೊಡು" ಅಂದರು ಅತ್ತೆ.

"ಅಮ್ಮ, ನನ್ನ ಬಿಳಿ ಶರ್ಟ್ ಒಣಗಿದ್ಯಾ? ನಾಳೆ ಬೇಕು" ಅಂದಳು ಮಗಳು.

ಹನ್ನೊಂದು ವರ್ಷ ಬೇರೆಯವರ ಮಾತು ಮುಗಿದ ಮೇಲೆ ಬಂದು ಅತ್ತು ಹೋದವಳು ಆಕೆ. ಮಾತಾಡುವವಳು ಬೇರೆ, ಅಳುವವಳು ಬೇರೆ. ಸ್ವಂತ ದನಿಯಲ್ಲಿ "ಬಾ" ಎಂಬ ಒಂದಕ್ಷರ ಕೂಡ ಸಿನಿಮಾದಲ್ಲಿ ಆಡಿರಲಿಲ್ಲ. ಅದನ್ನೆಲ್ಲ ಹೇಳಬೇಕೆಂದಿದ್ದವಳಿಗೆ ಅಳುವೇ ಬಂದುಬಿಟ್ಟಿತು. ಡ್ರೈವರ್ ತಲೆಯೆತ್ತಿ ನೋಡಿ, ತುಂಬಾ ಮೆಚ್ಚುಗೆಯಿಂದ, "ಇದು ಯಾವ ಸಿನಿಮಾದ್ದು? ಚೆನ್ನಾಗಿ ಬಂದಿದೆ" ಅಂದ.

ಆಕೆ ಉಪ್ಪಿನ ಡಬ್ಬಿಯನ್ನು ಟಣ್ ಅಂತ ಅತ್ತೆಯ ಮುಂದೆ ಇಟ್ಟು ಒಳಗೆ ಹೋದಳು. ಬಿಳಿ ಶರ್ಟ್ ಒಣಗಿರಲಿಲ್ಲ.

ಸೋಮವಾರ ಸ್ಟುಡಿಯೋದಲ್ಲಿ ಪರೀಕ್ಷೆ. ನಿರ್ದೇಶಕಿ ಚಿಕ್ಕ ವಯಸ್ಸಿನವಳು. ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಅದನ್ನೇ ಇಡೀ ದಿನ ಹುಡುಕುವವಳು. ಸಿನಿಮಾದ ಕೊನೆಯ ದೃಶ್ಯವನ್ನೇ ಮೊದಲು ತೆಗೆದುಕೊಂಡಳು. ಒಂಬತ್ತು ವರ್ಷ ಮುನಿಸಿಕೊಂಡು ದೂರವಿದ್ದ ಮಗಳು ಬಂದು ಬಾಗಿಲು ತಟ್ಟುತ್ತಾಳೆ. ತಾಯಿ ತೆಗೆಯುತ್ತಾಳೆ, ನೋಡುತ್ತಾಳೆ, ಅಳುತ್ತಾಳೆ. ಆಮೇಲೆ "ಊಟ ಆಯ್ತಾ?" ಅನ್ನುತ್ತಾಳೆ. ಅಲ್ಲಿಗೆ ಸಿನಿಮಾ ಮುಗಿಯಿತು.

ಅಳುವಕ್ಕ ಹೆಡ್‌ಫೋನ್ ಏರಿಸಿ, ಹೊಟ್ಟೆಯಿಂದ ಉಸಿರೆಳೆದು, ತನ್ನ ಅಳುಗಳಲ್ಲೇ ಅತ್ಯುತ್ತಮವಾದದ್ದನ್ನು ಅತ್ತಳು. ಗಾಜಿನ ಆಚೆ ನಿರ್ದೇಶಕಿ ತಲೆ ಕೆರೆದುಕೊಂಡಳು.

"ಅಕ್ಕ, ಬಾಗಿಲಲ್ಲಿ ಮಗಳು ನಿಂತಿದಾಳೆ. ನೀವು ಅತ್ತಿದ್ದು ಕೇಳಿದ್ರೆ ಮಗಳ ಹೆಣ ಬಂದಿದೆ ಅನ್ಸುತ್ತೆ."

"ಸ್ವಲ್ಪ ಕಮ್ಮಿ ಮಾಡ್ಲಾ ಮೇಡಂ?"

"ಕಮ್ಮಿ ಜಾಸ್ತಿ ಅಲ್ಲ ಅಕ್ಕ. ಇದು ಸಂತೋಷದ ಅಳು."

ಏಳು ಸಲ ಅತ್ತಳು. ಏಳು ಸಲವೂ ಯಾರೋ ಒಬ್ಬರು ಸತ್ತರು. ಕೊನೆಗೆ ಹೆಡ್‌ಫೋನ್ ತೆಗೆದು, "ಸಂತೋಷ ಆದ್ರೆ ನಾನು ನಗ್ತೀನಿ ಮೇಡಂ. ಅಳೋಕೆ ಗೊತ್ತಿಲ್ಲ" ಅಂದಳು.

"ಜೀವನದಲ್ಲಿ ಒಂದು ಸಲಾನೂ ಹಾಗೆ ಅತ್ತಿಲ್ವಾ?"

ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ನಿರ್ದೇಶಕಿ ಕೆಟ್ಟವಳಲ್ಲ. ಪೆನ್ಸಿಲ್ ಹುಡುಕುತ್ತಾ, "ಇನ್ನು ಮೂರು ವಾರ ಟೈಮ್ ಇದೆ ಅಕ್ಕ. ಈ ಒಂದು ಅಳು ಬಂದ್ರೆ ಎಂಬತ್ತೆರಡು ಮಾತೂ ನಿಮ್ಮದೇ. ಬರ್ಲಿಲ್ಲ ಅಂದ್ರೆ ಎರಡನ್ನೂ ಬೇರೆಯವರ ಕೈಲಿ ಮಾಡಿಸ್ಬೇಕಾಗುತ್ತೆ" ಅಂದಳು.

ಆ ದಿನ ಮಗಳು ಕಾಲೇಜಿನಿಂದ ಬಂದಾಗ ಅಡುಗೆಮನೆಯಿಂದ ಅಳು ಕೇಳುತ್ತಿತ್ತು. ಅಪ್ಪ ರೇಡಿಯೋ ತಿರುಗಿಸುತ್ತಿದ್ದ, ಅಜ್ಜಿ ಬಟ್ಟೆ ಮಡಿಸುತ್ತಿದ್ದರು. ಮಗಳು ನೀರು ಕುಡಿಯಲು ಒಳಗೆ ಹೋದವಳು ಹಾಗೇ ಹಿಂದೆ ಬಂದಳು.

"ಅಪ್ಪ, ಅಮ್ಮ ಸ್ಟವ್ ಆಫ್ ಮಾಡ್ಕೊಂಡು ಅಳ್ತಿದಾಳೆ."

ಡ್ರೈವರನ ಕೈ ರೇಡಿಯೋ ಮೇಲೆ ನಿಂತಿತು. ಇಷ್ಟು ವರ್ಷದಲ್ಲಿ ಆಕೆ ಅಭ್ಯಾಸಕ್ಕೆಂದು ಸ್ಟವ್ ಆರಿಸಿದವಳಲ್ಲ. ಒಳಗೆ ಹೋಗಿ ನೋಡಿದರೆ ಅರ್ಧ ಹೆಚ್ಚಿದ ಆಲೂಗಡ್ಡೆ, ಆರಿದ ಸ್ಟವ್, ನೆಲದ ಮೇಲೆ ಗೋಡೆಗೊರಗಿ ಕೂತ ಹೆಂಡತಿ. ಅವನು ಪಕ್ಕದಲ್ಲಿ ಕೂತ. ಉಳಿದ ಆಲೂಗಡ್ಡೆ ಹೆಚ್ಚತೊಡಗಿದ.

"ತಪ್ಪಾಯ್ತು ಕಣೇ" ಅಂದ.

"ಯಾವುದಕ್ಕೆ?"

"ಗೊತ್ತಿಲ್ಲ. ನೀನು ಹೇಳು, ಅದಕ್ಕೇ ತಪ್ಪಾಯ್ತು ಅಂತೀನಿ."

ಆಕೆಗೆ ಅಳುವಿನ ನಡುವೆಯೂ ನಗು ಬಂತು. ಆಮೇಲೆ ಬುಧವಾರದ ಉಪ್ಪಿನಿಂದ ಹಿಡಿದು ಸೋಮವಾರದ ಏಳು ಹೆಣಗಳವರೆಗೆ ಎಲ್ಲವನ್ನೂ ಹೇಳಿದಳು. ಬಾಗಿಲಲ್ಲಿ ನಿಂತು ಅತ್ತೆಯೂ ಮಗಳೂ ಕೇಳಿಸಿಕೊಂಡರು. ಮೂವರಿಗೂ ನಾಚಿಕೆಯಾಯಿತು ಎಂದು ಹೇಳಿಬಿಡುವುದೇ ಸರಿ.

ಮರುದಿನ ಸಂಜೆ ಬಟಾಣಿ ಸುಲಿಯುತ್ತಾ ಮನೆಯವರ ಸಭೆ ಸೇರಿತು. ಅಳುವಕ್ಕನನ್ನು ಸಂತೋಷದಿಂದ ಅಳಿಸುವುದು ಹೇಗೆ ಎಂಬುದೊಂದೇ ವಿಷಯ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಳ್ಳೆಯ ಸಿನಿಮಾ ತೋರಿಸಬೇಕೆಂದು ಮಗಳು. ಹಾಡು ಕೇಳಿಸಬೇಕೆಂದು ಡ್ರೈವರ್. "ಅಳು ಅಂದ್ರೆ ಅಳು. ಅದರಲ್ಲಿ ಸಂತೋಷದ್ದು ಬೇರೆ, ದುಃಖದ್ದು ಬೇರೆ ಅಂತ ಇರುತ್ತಾ? ಕಣ್ಣಿಂದ ಬರೋದು ಎರಡಕ್ಕೂ ಒಂದೇ ನೀರು" ಎಂದು ಅತ್ತೆ.

ಮೊದಲ ವಾರ ಮಗಳದ್ದು. ಊರೆಲ್ಲ ಅತ್ತುಕೊಂಡು ಹೊರಬರುತ್ತಿದ್ದ ಒಂದು ಸಿನಿಮಾಕ್ಕೆ ಅಮ್ಮನನ್ನು ಕರೆದುಕೊಂಡು ಹೋದಳು. ಕಳೆದುಹೋಗಿದ್ದ ತಮ್ಮ ಅಕ್ಕನಿಗೆ ಸಿಗುವ ದೃಶ್ಯದಲ್ಲಿ ಮಗಳು ಎರಡು ಕರ್ಚೀಫು ನೆನೆಸಿದಳು. ಪಕ್ಕಕ್ಕೆ ತಿರುಗಿದರೆ ಅಮ್ಮ ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಬೆರಳಲ್ಲಿ ಏನೋ ಎಣಿಸುತ್ತಿದ್ದಳು.

"ಮೂರನೇ ಬಿಕ್ಕು ಜಾಸ್ತಿ ಆಯ್ತು. ಉಸಿರು ಎಲ್ಲಿ ತಗೊಂಡ್ಲು ಅಂತ ಕೇಳಿಸಿಬಿಡ್ತು" ಅಂದಳು ಅಮ್ಮ.

"ಅಮ್ಮ! ಅವನು ಸಿಕ್ಕಿದಾನಮ್ಮ, ನೋಡು!"

"ಸಿಗ್ಲಿ ಬಿಡು, ಒಳ್ಳೇದೇ ಆಯ್ತು. ಆದ್ರೂ ಆ ಬಿಕ್ಕು ಜಾಸ್ತಿ."

ಎರಡನೆಯ ವಾರ ಡ್ರೈವರನದ್ದು. ಅಣ್ಣನೊಬ್ಬ ತಂಗಿಯನ್ನು ದೂರದ ಊರಿಗೆ ಕಳಿಸಿಕೊಡುವ ಒಂದು ಹಳೆಯ ಹಾಡಿತ್ತು. ಅದನ್ನು ಕೇಳಿದರೆ ಅವನಿಗೆ ಸ್ಟೇರಿಂಗ್ ಕಾಣುತ್ತಿರಲಿಲ್ಲ. ಅವನ ಬಸ್ಸಿನಲ್ಲಿ ಯಾರಾದರೂ ಫೋನಿನಲ್ಲಿ ಅದನ್ನು ಹಾಕಿದರೆ ಕಂಡಕ್ಟರ್ ಓಡಿ ಹೋಗಿ ನಿಲ್ಲಿಸುತ್ತಿದ್ದ. ಆ ಹಾಡನ್ನು ಮನೆಯಲ್ಲಿ ದೊಡ್ಡದಾಗಿ ಹಾಕಿ ಹೆಂಡತಿಯನ್ನು ಎದುರು ಕೂರಿಸಿಕೊಂಡ. ಮೊದಲ ಚರಣಕ್ಕೆ ಅವನ ಗಲ್ಲ ನಡುಗಿತು, ಎರಡನೆಯದಕ್ಕೆ ಎದ್ದು ಹೋಗಿ ಕಿಟಕಿಯ ಕಡೆ ಮುಖ ಮಾಡಿ ನಿಂತ. ಆಕೆ ಹಿಂದಿನಿಂದ ಹೋಗಿ ಅವನ ಬೆನ್ನು ಸವರುತ್ತಾ ನಕ್ಕಳು.

"ಅಳುವ ಗಂಡಸನ್ನ ನಂಬಬಾರದು, ನಗುವ ಹೆಂಗಸನ್ನ ನಂಬಬಾರದು ಅಂತಾರೆ" ಅಂದರು ಅತ್ತೆ. "ನನ್ನ ಹಣೆಬರಹ, ಒಂದೇ ಮನೇಲಿ ಎರಡೂ ಇದೆ."

ಅವನು ಸೋಲೊಪ್ಪದೆ, ಮೂರು ವರ್ಷದಿಂದ ತೊಟ್ಟಿಕ್ಕುತ್ತಿದ್ದ ಅಡುಗೆಮನೆಯ ನಲ್ಲಿಯನ್ನು ಒಂದು ಬೆಳಿಗ್ಗೆ ಕೂತು ರಿಪೇರಿ ಮಾಡಿದ. ಆಕೆ ಬಂದು ತಿರುಗಿಸಿದಳು, ನಿಲ್ಲಿಸಿದಳು. ಒಂದು ಹನಿಯೂ ಬೀಳಲಿಲ್ಲ. ಅವಳ ಮುಖ ಅರಳಿತು. ಅವನು ಉಸಿರು ಬಿಗಿಹಿಡಿದು ಅವಳ ಕಣ್ಣನ್ನೇ ನೋಡಿದ.

"ಎಷ್ಟು ಹೊತ್ತು ಹಿಡೀತು?" ಅಂತ ಕೇಳಿದಳು.

"ಇಪ್ಪತ್ತೇ ನಿಮಿಷ."

"ಇಪ್ಪತ್ತು ನಿಮಿಷದ ಕೆಲಸಕ್ಕೆ ನನ್ನ ಮೂರು ವರ್ಷ ಕಾಯಿಸಿದ್ರಾ?"

ಆಮೇಲೆ ನಡೆದದ್ದು ಸಂತೋಷವೂ ಅಲ್ಲ, ಅಳುವೂ ಅಲ್ಲ. ಆ ದಿನ ಡ್ರೈವರ್ ಡ್ಯೂಟಿಗೆ ಅರ್ಧ ಗಂಟೆ ಮುಂಚೆಯೇ ಹೊರಟ.

ಮೂರನೆಯ ವಾರ ಬಂತು. ಅಳುವಕ್ಕ ಊಟ ಕಮ್ಮಿ ಮಾಡಿದ್ದಳು, ಪಾತ್ರೆ ತೊಳೆಯುತ್ತಾ ಎಂಬತ್ತೆರಡು ಮಾತುಗಳನ್ನು ಪಿಸುಗುಟ್ಟುತ್ತಿದ್ದಳು. ಎಲ್ಲವೂ ಬಾಯಿಪಾಠವಾಗಿದ್ದವು. ಅತ್ತೆ ಅದನ್ನು ಎರಡು ದಿನ ಕೇಳಿದರು. ಮೂರನೆಯ ದಿನ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟು ಮೊಮ್ಮಗಳನ್ನು ಕರೆದರು.

"ನೋಟ್‌ಬುಕ್ ತಗೊಂಡು ಬಾ. ದೊಡ್ಡ ಅಕ್ಷರದಲ್ಲಿ ಬರಿ, ನಾನೇ ಓದ್ಬೇಕು."

"ಏನು ಬರೀಬೇಕಜ್ಜಿ?"

"ನಿಮ್ಮಮ್ಮನ ತಪ್ಪುಗಳು. ಮದುವೆಯಾಗಿ ಬಂದ ದಿನದಿಂದ. ಅವಳನ್ನ ಕೂರಿಸ್ಕೊಂಡು ಬೈತೀನಿ. ಸೊಸೇನ ಅಳಿಸೋದು ಹೇಗೆ ಅಂತ ಸಿನಿಮಾದೋರು ಅತ್ತೇಗೆ ಹೇಳ್ಕೊಡ್ಬೇಕಾ?"

"ಅಜ್ಜಿ, ಅವರಿಗೆ ಬೇಕಾಗಿರೋದು ಸಂತೋಷದ ಅಳು."

"ಮೊದ್ಲು ಅಳು ಬರ್ಲಿ, ಸಂತೋಷ ಆಮೇಲೆ ಸೇರಿಸ್ಕೊಳ್ಲಿ. ಕೇಳಿಲ್ಲಿ. ಹನ್ನೊಂದು ವರ್ಷದಿಂದ ನಾನು ಅಳಿಸದೇನೇ ಅಳಿಸ್ತೀನಿ ಅನ್ನೋ ಕೆಟ್ಟ ಹೆಸರು ಹೊತ್ಕೊಂಡಿದೀನಿ. ಕೆಳಗಿನ ಮನೆಯೋಳು ಇವತ್ತಿಗೂ ಮಾತಾಡ್ಸಲ್ಲ. ಒಂದೇ ಒಂದು ಸಲ ನಿಜವಾಗ್ಲೂ ಅಳಿಸಿಬಿಡ್ತೀನಿ. ಹೊತ್ತ ಹೆಸರು ದಕ್ಕಲಿ."

ಮೊಮ್ಮಗಳು ಬರೆಯಲು ಕೂತಳು. ಅತ್ತೆ ಕಣ್ಣು ಕಿರಿದು ಮಾಡಿ, ಒಂದೊಂದೇ ತಪ್ಪನ್ನು ನೆನಪಿನಿಂದ ಎಳೆದು ಹೇಳಿದರು. ನಿಜವಾದ ಸಿಟ್ಟಿನಿಂದಲೇ ಹೇಳಿದರು. ಎರಡನೆಯ ಪುಟಕ್ಕೆ ಬರುವ ಹೊತ್ತಿಗೆ ಮೊಮ್ಮಗಳು ಪೆನ್ನು ಇಟ್ಟು, ಮುಖ ತೊಳೆದು ಬರುತ್ತೇನೆಂದು ಎದ್ದಳು. "ಶೀತ ಆಗಿದ್ಯೇನೇ?" ಅಂದರು ಅತ್ತೆ. "ಹೂಂ" ಅಂದಳು. ಐದು ಹಾಳೆ ತುಂಬಿದವು.

ಗುರುವಾರ ಮತ್ತೆ ಪರೀಕ್ಷೆ. ಬೆಳಿಗ್ಗೆ ಅತ್ತೆ ಚಪ್ಪಲಿ ಮೆಟ್ಟಿ, ಕನ್ನಡಕ ಒರೆಸಿ, ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು, "ನಾನೂ ಸ್ಟುಡಿಯೋಗೆ ಬರ್ತೀನಿ" ಅಂದರು. ಸೊಸೆ ಬೇಡವೆಂದಳು. ಅತ್ತೆ ಆಗಲೇ ಮೆಟ್ಟಿಲಿಳಿಯುತ್ತಿದ್ದರು. ಮಗಳು ಕಾಲೇಜು ತಪ್ಪಿಸಿ ಹಿಂದೆ ಓಡಿದಳು. ಮೂವರೂ ಡ್ರೈವರನ ಬಸ್ಸಿನಲ್ಲೇ ಹೋದರು. ಅವನು ಆ ದಿನ ಒಂದು ಹಳ್ಳಕ್ಕೂ ಬಸ್ಸು ಇಳಿಸಲಿಲ್ಲ.

ಸ್ಟುಡಿಯೋದಲ್ಲಿ ಎರಡು ಕೋಣೆ, ನಡುವೆ ದಪ್ಪ ಗಾಜು. ಆ ಕಡೆ ಮೈಕಿನ ಮುಂದೆ ಅಳುವಕ್ಕ. ಈ ಕಡೆ ಇಂಜಿನಿಯರ್, ನಿರ್ದೇಶಕಿ, ಅತ್ತೆ, ಮಗಳು. ಇಂಜಿನಿಯರನ ಮೇಜಿನ ಮೇಲೆ ಒಂದು ಪುಟ್ಟ ಮೈಕಿತ್ತು. ಅದರಲ್ಲಿ ಮಾತಾಡಿದರೆ ಒಳಗಿರುವವರ ಹೆಡ್‌ಫೋನಿಗೆ ಮಾತ್ರ ಕೇಳುತ್ತದೆ, ರೆಕಾರ್ಡ್ ಆಗುವುದಿಲ್ಲ. ಮೂರು ಟೇಕ್ ಆಯಿತು. ಮೂರು ಹೆಣ ಬಿದ್ದವು. ನಿರ್ದೇಶಕಿ ಹಣೆಗೆ ಕೈ ಹಚ್ಚಿ ಕೂತಳು. ನಾಲ್ಕನೆಯ ಟೇಕಿಗೆ ಮುಂಚೆ ಅತ್ತೆ ಇಂಜಿನಿಯರನ ಕುರ್ಚಿಯನ್ನು ಮೊಣಕೈಯಿಂದ ಸರಿಸಿದರು.

"ಸ್ವಲ್ಪ ಆ ಕಡೆ ಹೋಗಪ್ಪ. ಇದರಲ್ಲಿ ಬೈದ್ರೆ ಅವಳಿಗೆ ಕೇಳುತ್ತಾ?"

ಇಂಜಿನಿಯರ್ ನಿರ್ದೇಶಕಿಯ ಮುಖ ನೋಡಿದ. ನಿರ್ದೇಶಕಿ ಮಗಳ ಮುಖ ನೋಡಿದಳು. ಮಗಳು ಕೈ ಮುಗಿದಳು. "ಕೇಳುತ್ತಮ್ಮ" ಅಂದ ಇಂಜಿನಿಯರ್. ದೃಶ್ಯವನ್ನು ಸುತ್ತಿ ಸುತ್ತಿ ಬರುವ ಹಾಗೆ ಬಿಟ್ಟು, ರೆಕಾರ್ಡಿಂಗಿನ ಕೆಂಪು ದೀಪವನ್ನೂ ಹಚ್ಚಿಟ್ಟ. ಮುದುಕ ಇಂಜಿನಿಯರ್, ಬುದ್ಧಿವಂತ.

ಅತ್ತೆ ಗಂಟಲು ಸರಿಮಾಡಿಕೊಂಡು ಮೊದಲ ಹಾಳೆ ಎತ್ತಿದರು.

"ಒಂದು. ಬಂದ ವಾರಕ್ಕೇ ನನ್ನ ಕೇಳದೆ ಅಡುಗೆಮನೆಗೆ ದೊಡ್ಡ ಬಲ್ಬ್ ಹಾಕಿಸಿದೆ. ನನಗೆ ಕಣ್ಣು ಮಂಜಾಗಿದೆ ಅಂತ ನಾನು ಹೆತ್ತ ಮಗನಿಗೇ ಹೇಳಿರ್ಲಿಲ್ಲ. ನಿನ್ನೆ ಮೊನ್ನೆ ಬಂದೋಳು, ನಿನಗ್ಯಾಕೆ ಬೇಕಿತ್ತು ಅದನ್ನ ಕಂಡುಹಿಡಿಯೋದು?"

ಗಾಜಿನ ಆಚೆ ಸೊಸೆ ಬೆಚ್ಚಿ ತಲೆಯೆತ್ತಿದಳು. ಆಮೇಲೆ ನಗು ಬಂತು. ಕೈಯಿಂದ ಬಾಯಿ ಮುಚ್ಚಿಕೊಂಡಳು.

"ನಗ್ತೀಯಾ? ನಗು. ಎರಡು. ಪಲ್ಯ ಕಮ್ಮಿ ಬಿದ್ದ ದಿನ ಹೊಟ್ಟೆ ತುಂಬಿದೆ ಅಂತ ಸುಳ್ಳು ಹೇಳ್ತೀಯ. ಆಮೇಲೆ ಅಡುಗೆಮನೇಲಿ ಎರಡು ಲೋಟ ನೀರು ಕುಡಿಯೋದು ನನಗೆ ಕೇಳಿಸುತ್ತೆ. ಹತ್ತೊಂಬತ್ತು ವರ್ಷದಿಂದ ಕೇಳಿಸುತ್ತೆ. ಹಿರಿಯರ ಮುಂದೆ ಸುಳ್ಳು ಹೇಳೋಕೆ ನಾಚಿಕೆ ಆಗಲ್ವಾ?"

ನಗು ಅರ್ಧಕ್ಕೆ ನಿಂತಿತು.

"ಮೂರು. ನನ್ನ ಸೊಂಟ ಮುರಿದಾಗ ಹನ್ನೊಂದು ದಿನ ಆಸ್ಪತ್ರೆ ಕುರ್ಚಿ ಮೇಲೆ ಕೂತೇ ನಿದ್ದೆ ಮಾಡಿದೆ. ಮನೆಗೆ ಹೋಗೇ ಅಂತ ದಿನಾ ಹೇಳಿದೆ. ಹೋದ್ಯಾ? ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ ನಿನ್ನ ಹತ್ರ. ನಾಲ್ಕು..."

ಅತ್ತೆ ಹಾಳೆ ಮಗುಚಿದರು. ಅವರ ದನಿ ಇನ್ನಷ್ಟು ಗಡುಸಾಯಿತು.

"ನಾಲ್ಕು. ನಿಮ್ಮ ಮಾವ ಹೋದ ದಿನ ನನಗೆ ಕಣ್ಣಲ್ಲಿ ನೀರು ಬರ್ಲಿಲ್ಲ. ಬಂದೋರೆಲ್ಲ ಎಂಥ ಕಲ್ಲುಹೃದಯ ಅಂತ ಆಡಿಕೊಂಡ್ರು. ನೀನು ಎಲ್ಲರ ಮುಂದೆ ನಿಂತ್ಕೊಂಡು, 'ಅತ್ತೆ ಒಳಗೆ ಅಳ್ತಿದಾರೆ, ನನಗೆ ಕೇಳಿಸ್ತಿದೆ, ಸುಮ್ನಿರಿ' ಅಂದೆ. ಯಾರ್ನ ಕೇಳಿ ಅಂದೆ? ಯಾರಿಗೂ ಕೇಳಿಸದೆ ಇದ್ದದ್ದು ನಿನಗೊಬ್ಬಳಿಗೆ ಹೇಗೆ ಕೇಳಿಸ್ತು? ಅವತ್ತಿಂದ ಈ ಮನೇಲಿ ನನಗೊಂದು ಗುಟ್ಟು ಅಂತ ಉಳೀಲಿಲ್ಲ."

ಅಳುವಕ್ಕನ ಕೈ ಬಾಯಿಂದ ಜಾರಿತು.

"ಐದು. ವರ್ಷಕ್ಕೊಂದು ಸಲ ತವರಿಗೆ ಅಂತ ಮೂರು ದಿನ ಹೋಗ್ತೀಯ. ಮೂರು ದಿನಾನೂ ಮನೆ ಬಿಕೋ ಅನ್ನುತ್ತೆ. ಟೀ ರುಚಿಸಲ್ಲ. ನನ್ನ ಮನೇನ ಬಿಕೋ ಅನ್ನಿಸೋ ಅಧಿಕಾರ ನಿನಗೆ ಯಾರು ಕೊಟ್ಟೋರು?"

ಪರದೆಯ ಮೇಲೆ ಆ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದುಕೊಂಡಿತು. ನಟಿಯ ತುಟಿ ನಡುಗಿತು. ಅಳುವಕ್ಕ ಅತ್ತಳು. ಅದು ಮುಸುಮುಸು ಅಳುವಲ್ಲ, ಬಿಕ್ಕಿ ಬಿಕ್ಕಿ ಅಳುವಲ್ಲ, ಅವಳ ಹತ್ತಿರ ಇದ್ದ ಯಾವ ಬಗೆಯೂ ಅಲ್ಲ. ಮೊದಲು ಒಂದು ನಗುವೇ ಹೊರಟು, ದಾರಿಯಲ್ಲಿ ಒಡೆದು, ಅಳುವಾಗಿ, ಮತ್ತೆ ನಗುವಾಗಲು ಹೋಗಿ ಆಗದೆ, ಉಸಿರು ತಪ್ಪಿ ಎಲ್ಲೆಲ್ಲೋ ನಿಂತು ನಿಂತು ಬಂತು. ಬಿಕ್ಕುಗಳ ಲೆಕ್ಕ ಅವಳಿಗೆ ಪೂರ್ತಿ ತಪ್ಪಿತ್ತು. ಆದರೂ ಹನ್ನೊಂದು ವರ್ಷದ ಕಸುಬು, ಕಣ್ಣು ಪರದೆಯನ್ನು ಬಿಡಲಿಲ್ಲ. ನಟಿ ಬಾಯಿ ತೆರೆದಳು.

"ಊಟ... ಆಯ್ತಾ?"

ನಿರ್ದೇಶಕಿ ಎರಡು ಕೈಯಿಂದಲೂ ಕಣ್ಣೊರೆಸಿಕೊಳ್ಳುತ್ತಿದ್ದಳು. ಪೆನ್ಸಿಲ್ ಕೂದಲಿಂದ ಜಾರಿ ಕೆಳಗೆ ಬಿದ್ದಿತ್ತು. ಇಂಜಿನಿಯರ್ ಕೈ ಚಾಚಿ ಅತ್ತೆಯ ಮುಂದಿನ ಪುಟ್ಟ ಮೈಕನ್ನು ಮೆಲ್ಲಗೆ ಆರಿಸಿದ.

"ಯಾಕಪ್ಪ ನಿಲ್ಲಿಸಿದೆ? ಇನ್ನೂ ಎರಡು ಹಾಳೆ ಇದೆ."

"ಸಾಕಮ್ಮ. ಬಂತು."

ಅತ್ತೆ ಗಾಜಿನಲ್ಲಿ ಇಣುಕಿದರು. ಸೊಸೆ ಮುಖವೆಲ್ಲ ಒದ್ದೆ ಮಾಡಿಕೊಂಡು ನಿಂತಿದ್ದಳು. ಅತ್ತೆಯ ಎದೆ ಉಬ್ಬಿತು.

"ನೋಡಿದ್ರಾ? ಹತ್ತೊಂಬತ್ತು ವರ್ಷ ಪಾಪ ಅಂತ ಸುಮ್ನಿದ್ದೆ. ಬಾಯಿ ಬಿಟ್ರೆ ಹೀಗೆ" ಅಂದರು.

ಹೊರಗೆ ಟೀ ಕುಡಿಯುವಾಗ ಅತ್ತೆ ಇಂಜಿನಿಯರನಿಗೆ ಬೈಗುಳದ ಕಲೆಯ ಬಗ್ಗೆ ಎರಡು ಮಾತು ಹೇಳುತ್ತಿದ್ದರು. ಅಳಿಸಬೇಕಾದರೆ ಸುಮ್ಮನೆ ಕೂಗಿದರೆ ಆಗುವುದಿಲ್ಲವಂತೆ, ಮೈಮೇಲೆ ಏರಿ ಹೋಗದೆ ಒಂದೊಂದನ್ನೇ ನೆನಪಿಸಬೇಕಂತೆ. ಮಗಳು ಅಮ್ಮನ ತೋಳು ಹಿಡಿದು ಮೂಲೆಗೆ ಎಳೆದಳು.

"ಅಮ್ಮ, ಅಜ್ಜಿಗೆ ಹೇಳಿಬಿಡೋಣ್ವಾ?"

"ಏನಂತ?"

"ಅದ್ಯಾವುದೂ ಬೈಗುಳ ಅಲ್ಲ ಅಂತ."

ಅಳುವಕ್ಕ ಮೂಗು ಒರೆಸಿಕೊಂಡಳು. "ಬೇಡ ಕಣೇ. ಗೊತ್ತಾದ್ರೆ ನಿಲ್ಲಿಸಿಬಿಡ್ತಾರೆ" ಅಂದಳು.

ಎಂಬತ್ತೆರಡು ಮಾತು ಮುಗಿಯಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ಮನೆಯ ಅಡುಗೆ ಡ್ರೈವರನದ್ದು. ಬಸ್ಸು ಓಡಿಸಿದ ಹಾಗೆಯೇ ಅಡುಗೆ ಮಾಡಿದ, ಅಲ್ಲಲ್ಲಿ ಬ್ರೇಕು, ಅಲ್ಲಲ್ಲಿ ಹೊಗೆ. ಎಲ್ಲರೂ ತಟ್ಟೆ ಖಾಲಿ ಮಾಡಿದರು. ರಾತ್ರಿ ಊಟಕ್ಕೆ ಕೂತಾಗ ಅಳುವಕ್ಕ ದನಿ ಬಿದ್ದ ಗಂಟಲಿನಲ್ಲಿ ಆ ದಿನ ಯಾವ ಯಾವ ಮಾತು ಆಡಿದೆ ಎಂದು ಹೇಳುತ್ತಿದ್ದಳು, ಮೂವರೂ ಕೈ ತೊಳೆಯದೆ ಕೇಳುತ್ತಿದ್ದರು. ಉಳಿದೆರಡು ಹಾಳೆಗಳನ್ನು ಓದಿ ಎಂದು ಆಕೆ ಅತ್ತೆಯನ್ನು ಮೂರು ನಾಲ್ಕು ಸಲ ಕೇಳಿದಳು. "ಸುಮ್ನಿರು, ಇರೋದನ್ನೆಲ್ಲ ಈಗ್ಲೇ ಖರ್ಚು ಮಾಡಿದ್ರೆ ಮುಂದಿನ ಸಿನಿಮಾಗೆ ಏನು ಮಾಡ್ತೀಯ?" ಎಂದು ಅತ್ತೆ ಅವನ್ನು ದಿಂಬಿನ ಕೆಳಗೆ ಇಟ್ಟುಕೊಂಡರು. ಮೊಮ್ಮಗಳನ್ನು ಕೇಳಿದರೆ ಅವಳ ಕಣ್ಣು ಮತ್ತೆ ಕೆಂಪಾಗುತ್ತಿತ್ತೇ ಹೊರತು ಬಾಯಿ ಬಿಡುತ್ತಿರಲಿಲ್ಲ.

ಸಿನಿಮಾ ಬಿಡುಗಡೆಯಾದ ಮೊದಲ ಭಾನುವಾರ ನಾಲ್ವರೂ ಮ್ಯಾಟಿನಿಗೆ ಹೋದರು. ಡ್ರೈವರ್ ಮುಂಜಾಗ್ರತೆಯಾಗಿ ಟವಲ್ಲನ್ನೇ ತಂದಿದ್ದ. ತಾಯಿ ಪಾತ್ರ ಮೊದಲ ಮಾತಾಡಿದಾಗ ಮಗಳು ಅಮ್ಮನ ಕೈ ಚಿವುಟಿದಳು. ಅಳುವಕ್ಕ ಮಾತ್ರ ಸೀಟಿನಲ್ಲಿ ಸರಿಯಾಗಿ ಕೂರದೆ, ಒಂದೊಂದು ಮಾತಿಗೂ ತುಟಿ ಅಲುಗಿಸುತ್ತಿದ್ದಳು. ಇಡೀ ಥಿಯೇಟರು ತನ್ನ ದನಿಯನ್ನು ಕೇಳುತ್ತಿದೆ, ನಗುವಲ್ಲಿ ನಗುತ್ತಿದೆ. ಅವಳಿಗೆ ಆದ ಸಂತೋಷವನ್ನು ಇಷ್ಟು ಅಂತ ಹೇಳುವ ಹಾಗಿರಲಿಲ್ಲ.

ಕೊನೆಗೆ ಬಾಗಿಲು ತೆರೆಯಿತು, ಆ ಅಳು ಬಂತು. ಮುಂದಿನ ಸಾಲಿನಲ್ಲಿ ಒಬ್ಬರು ಮೂಗೆಳೆದರು, ಹಿಂದಿನ ಸಾಲಿನಲ್ಲಿ ಇಬ್ಬರು. "ಊಟ... ಆಯ್ತಾ?" ಅನ್ನುವ ಹೊತ್ತಿಗೆ ಟವಲ್ಲಿನ ಒಂದು ತುದಿ ಡ್ರೈವರನ ಕೈಯಲ್ಲಿ, ಇನ್ನೊಂದು ತುದಿ ಯಾರೋ ಗುರುತಿಲ್ಲದವನ ಕೈಯಲ್ಲಿತ್ತು. ದೀಪ ಹತ್ತಿದರೂ ಜನ ಏಳಲಿಲ್ಲ. ಅತ್ತೆಯ ಪಕ್ಕದಲ್ಲಿ ಕೂತಿದ್ದ ದಪ್ಪ ಹೆಂಗಸು ಕಣ್ಣೊರೆಸಿಕೊಳ್ಳುತ್ತಾ, "ಪಾಪ, ಎಂಥ ಅಳು! ಆ ತಾಯಿನ ಯಾರು ಅಷ್ಟು ಅಳಿಸಿದ್ರೋ" ಅಂದಳು.

"ನಾನು" ಅಂದರು ಅತ್ತೆ.

ಹೆಂಗಸು ತಿರುಗಿದಳು.

"ಆ ದನಿ ನಮ್ಮ ಸೊಸೇದು. ಇಗೋ, ಇವಳೇ. ತಪ್ಪೆಲ್ಲ ಬರೆಸ್ಕೊಂಡು ಹೋಗಿ ಬೈದೆ. ಒಂದೂ ಬಿಡ್ಲಿಲ್ಲ."

ಹೆಂಗಸು ಗಾಬರಿಯಿಂದ ಅಳುವಕ್ಕನ ಮುಖ ನೋಡಿದಳು. ಅಳುವಕ್ಕ ಹೌದೆಂದು ತಲೆಯಾಡಿಸಿದಳು. "ಹೌದು, ನಮ್ಮತ್ತೇನೇ. ಇವರ ಹಾಗೆ ನನ್ನ ಅಳಿಸೋರು ಇನ್ನೊಬ್ಬರು ಇಲ್ಲ" ಅಂದಳು. ಹೆಂಗಸು ತನ್ನ ಚೀಲವನ್ನು ಎತ್ತಿ ಆಚೆ ಪಕ್ಕಕ್ಕೆ ಇಟ್ಟುಕೊಂಡಳು.

ಹೊರಗೆ ಬಿಸಿಲಿತ್ತು. ಮೆಟ್ಟಿಲಿಳಿಯುವಾಗ ಅತ್ತೆಯ ಸೊಂಟಕ್ಕೆ ಆಸರೆಯಾಗಿ ಸೊಸೆ ತೋಳು ಕೊಟ್ಟಳು. ಅತ್ತೆ ಚೀಲಕ್ಕೆ ಕೈ ಹಾಕಿ, ಮಡಿಸಿದ ಎರಡು ಹಾಳೆಗಳನ್ನು ಹೊರತೆಗೆದು, ಮತ್ತೆ ಒಳಗೆ ತುರುಕುತ್ತಾ, "ಬಿಸಿಲಲ್ಲಿ ಕಾಣಲ್ಲ. ಆರು, ಏಳು, ಎಂಟು ಎಲ್ಲ ಮನೆಗೆ ಹೋಗಿ ಬೈತೀನಿ" ಅಂದರು.

"ಅಲ್ಲೀವರೆಗೆ ಯಾರು ಕಾಯ್ತಾರೆ ಅತ್ತೆ?" ಅಂದಳು ಸೊಸೆ. "ಓದೋದೇನೂ ಬೇಡ. ನೆನಪಿದ್ದಷ್ಟು ದಾರೀಲೇ ಬೈಯಿರಿ."